ಹುಲಗೆಮ್ಮ ಬೈಯದ ಐದು ತಿಂಗಳು

ಸಿದ್ದಾಪುರ
ಶುಕ್ರವಾರ, 24-11-1978

ಪ್ರೀತಿಯ ಅಕ್ಕಾ,

ತಮ್ಮ ಯಂಕೋಬ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ಬರೆಯುವುದು. ನಾವು ಇಬ್ಬರೂ ಆರಾಮ ಇದ್ದೇವೆ. ನಿನ್ನ ಮೊಣಕಾಲು ಹೇಗಿದೆ? ಚಳಿ ಬಿದ್ದಿದೆ, ಬೆಳಿಗ್ಗೆ ಎದ್ದಕೂಡಲೇ ತಣ್ಣೀರಿಗೆ ಕೈ ಹಾಕಬೇಡ. ಕೆಂಪೆಮ್ಮೆ ಈದಿತೋ ಇಲ್ಲವೋ ತಿಳಿಸು. ಈ ಪತ್ರ ಓದಿ ಹೇಳುತ್ತಿರುವ ನಿನ್ನ ಸೊಸೆ ಕನಕಮ್ಮನಿಗೂ ಒಂದು ಮಾತು: ತಂಗೀ, ಇದು ಉದ್ದದ ಪತ್ರ, ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಇಳಿಸಿ ಬಾ. ಆಮೇಲೆ ಒಂದು ಸಾಲನ್ನೂ ಬಿಡದೆ, ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದು.

ಅಕ್ಕಾ, ಸುದ್ದಿ ಏನೆಂದರೆ ನಿನ್ನೆ ನಿನ್ನ ಮಗಳು ನನ್ನನ್ನು ಬೈದಳು. ಬೆಳಗಿನ ಚಹಾಕ್ಕೆ ಶುರು ಮಾಡಿದವಳು ಗಂಗಾವತಿಯ ಒಂಬತ್ತರ ಬಸ್ಸು ಬಂದು ನಿಂತಾಗಲೇ ನಿಲ್ಲಿಸಿದ್ದು. ನಾನು ಕಟ್ಟೆಯ ಮೇಲೆ ಕೂತು ಒಂದು ಮಾತನ್ನೂ ಬಿಡದೆ ಕೇಳಿದೆ. ನಡುವೆ ಎರಡು ಸಲ ಟವೆಲಿನಿಂದ ಕಣ್ಣು ಒರೆಸಿಕೊಂಡೆ. ಬೈಸಿಕೊಂಡದ್ದನ್ನು ಇವನು ಹಬ್ಬದ ಸುದ್ದಿಯ ಹಾಗೆ ಬರೆಯುತ್ತಾನಲ್ಲ ಎಂದು ನೀನು ಅಂದುಕೊಳ್ಳಬಹುದು. ನನಗೆ ಅದು ಹಬ್ಬವೇ. ಏಕೆಂದರೆ ಅದಕ್ಕೂ ಮೊದಲು ಐದು ತಿಂಗಳು ಹುಲಗೆಮ್ಮ ನನ್ನನ್ನು ಬೈದಿರಲಿಲ್ಲ. ನಿನಗೆ ಇದನ್ನು ಯಾವುದನ್ನೂ ಬರೆದಿರಲಿಲ್ಲ. ಹೆತ್ತವಳಿಗೆ ಏನೆಂದು ಬರೆಯಲಿ? ಈಗ ಎಲ್ಲ ನೆಟ್ಟಗಾಗಿದೆ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಬೇಸಿಗೆಯಲ್ಲಿ, ಪಕ್ಕದ ಓಣಿಯ ಮದುವೆಯಲ್ಲಿ ಇವಳಿಗೆ ಮೂಗಿನಿಂದ ರಕ್ತ ಬಂದದ್ದು, ಗಂಗಾವತಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿ ಬಿ.ಪಿ. ಭಾಳ ಐತಿ ಅಂದದ್ದು ನಿನಗೆ ಗೊತ್ತೇ ಇದೆ. ಉಪ್ಪು ಕಡಿಮೆ ಮಾಡಲು ಹೇಳಿದರು, ಉಪ್ಪಿನಕಾಯಿ ಬಿಡಿಸಿದರು, ದಿನಕ್ಕೆ ಎರಡು ಸಲ ನುಂಗಲು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಕಾರಹುಣ್ಣಿಮೆಗೆ ನೀನು ಬಂದಾಗ ಗುಳಿಗೆ ನುಂಗಿ ತಿಂಗಳಾಗಿತ್ತು. ತಲೆನೋವು ಹೋಗಿತ್ತು. ಒತ್ತಡ ಇಳಿದಿದೆ ಎಂದು ಡಾಕ್ಟರು ಹೇಳಿದ್ದರು. ನಾವೆಲ್ಲ ಗುಳಿಗೆಯನ್ನು ಹೊಗಳಿದ್ದೇ ಹೊಗಳಿದ್ದು.

ನೀನು ಊರಿಗೆ ಹೋದ ಮೇಲೆ ಇವಳು ತಣ್ಣಗಾಗತೊಡಗಿದಳು. ಖರೇ ಹೇಳುತ್ತೇನೆ ಅಕ್ಕಾ, ಮೊದಲ ಹದಿನೈದು ದಿನ ನನಗೆ ಖುಷಿಯಾಯಿತು. ನಿನ್ನ ಮಗಳನ್ನು ಮದುವೆಯಾಗಿ ಇಪ್ಪತ್ತೇಳು ವರ್ಷ, ಕಾಲುವೆಯಿಂದ ಕೆಸರುಗಾಲಲ್ಲಿ ಮನೆಗೆ ಬಂದು ಬೈಸಿಕೊಳ್ಳದೆ ಒಳಗೆ ಹೋದ ದಿನವೇ ನನಗೆ ನೆನಪಿಲ್ಲ. ಈಗ ಕೆಸರುಗಾಲಲ್ಲಿ ಒಳಗೆ ಹೋದರೂ ಸುಮ್ಮನೆ ನೋಡುತ್ತಿದ್ದಳು. ಬೀಡಿ ಹಚ್ಚಿದರೂ ಸುಮ್ಮನೆ. ಬದನೆಕಾಯಿ ಹುಳುಕು ತಂದರೂ ಸುಮ್ಮನೆ. ಕೇಳಿದರೆ ಒಂದೇ ಮಾತು, "ಇರ್ಲಿ ಬಿಡ್ರಿ." ವಯಸ್ಸಾಯಿತು, ಬುದ್ಧಿ ಬಂತು ಎಂದು ತಿಳಿದೆ. ತೂಬಿನ ಹತ್ತಿರ ಕೂತ ಗೆಳೆಯರ ಮುಂದೆ, ನಮ್ಮ ಮನೆಯಲ್ಲಿ ಈಗ ಶಾಂತಿ ನೆಲೆಸಿದೆ ಎಂದು ಜಂಬವನ್ನೂ ಕೊಚ್ಚಿಕೊಂಡೆ.

ಹೆದರಿಕೆ ಹುಟ್ಟಿಸಿದ್ದು ಕೋಳಿಗಳು. ನೆರೆಮನೆಯ ಕಾಸೀಮಬೀಯ ಕೋಳಿಗಳಿಗೂ ಇವಳಿಗೂ ಇರುವ ವೈರ ನೀನೇ ನೋಡಿದ್ದೀಯ. ಒಂದು ದಿನ ಅಂಗಳದಲ್ಲಿ ಹರವಿದ ಅಕ್ಕಿಯ ಮೇಲೆ ಆರು ಕೋಳಿ ನಿಂತು ಕೆದರುತ್ತಿವೆ, ಇವಳು ಎರಡು ಮಾರು ದೂರದಲ್ಲಿ ಮೊರ ಹಿಡಿದು ಕೂತಿದ್ದಾಳೆ, ಕೈ ಎತ್ತುತ್ತಿಲ್ಲ. ಕಾಸೀಮಬೀಯೇ ಗೋಡೆ ಹಾರಿದ ಹಾಗೆ ಬಂದು ತನ್ನ ಕೋಳಿಗಳನ್ನು ತಾನೇ ಓಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆಕೀಗೆ ಏನ ಮಾಡೀಯಪಾ ಯಂಕೋಬಣ್ಣ? ಖರೇ ಹೇಳು. ಹೊಡದೀಯೇನು?" ಎಂದಳು. ನಾನು ಆಣೆ ಮಾಡಿದೆ. ಅವಳು ನಂಬಲಿಲ್ಲ. ಅಂದಿನಿಂದ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಮನೆಯೊಳಗೂ ಮಾತಿಲ್ಲ, ಮನೆಯ ಹೊರಗೂ ಮಾತಿಲ್ಲ, ನನ್ನ ಪಾಡು ನೋಡು.

ಪಂಚಮಿಗೆ ಮಗಳು ತವರಿಗೆ ಬರಲಿಲ್ಲ ಎಂದು ನೀನು ಬೇಸರ ಮಾಡಿಕೊಂಡೆ. ಕಾಲುವೆಯ ಕೆಲಸ, ರಜೆ ಇಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ರಜೆ ಬರೆದುಕೊಟ್ಟಿದ್ದೆ, ಚೀಲ ತುಂಬಿದ್ದೆ. ಇವಳು ಎದ್ದು ಸೀರೆ ಉಡಲಿಲ್ಲ. ಶೇಂಗಾ ಹುರಿಯಲಿಲ್ಲ, ಉಂಡಿ ಕಟ್ಟಲಿಲ್ಲ. ಮೂಗು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೈಯಲ್ಲಿ ಜ್ವರವಿಲ್ಲ, ನೋವಿಲ್ಲ. ಕೆಟ್ಟ ಕನಸು ಬೀಳುತ್ತವೆ ಎಂದಳು, ಅಷ್ಟೇ. ಯಾರದೋ ಕಣ್ಣು ತಗುಲಿದೆ ಎಂದು ದೃಷ್ಟಿ ತೆಗೆಸಿದೆ. ಮಂಗಳವಾರ ಹುಲಿಗಿಗೆ ಕರೆದುಕೊಂಡು ಹೋಗಿ ಅವಳ ಹೆಸರಿನ ತಾಯಿಯ ಮುಂದೆಯೇ ನಿಲ್ಲಿಸಿದೆ. ಹೊಳೆಯಲ್ಲಿ ಸ್ನಾನ ಮಾಡು ಅಂದರೆ ಮಾಡಿದಳು, ಕೈಮುಗಿ ಅಂದರೆ ಮುಗಿದಳು, ಏನು ಬೇಡಿಕೊಂಡೆ ಅಂದರೆ "ಏನೂ ಇಲ್ರಿ" ಎಂದಳು. ಪರೀಕ್ಷೆ ಹತ್ತಿರ ಇದ್ದುದರಿಂದ ಮಗ ದುರುಗಪ್ಪನಿಗೂ ರಾಯಚೂರಿಗೆ ಬರೆಯಲಿಲ್ಲ.

ನಾನು ದಿನಾ ಕಾಲುವೆಯ ನೀರಿನ ಮಟ್ಟ ಬರೆಯುವವನು, ಬರೆಯದಿದ್ದರೆ ತಲೆ ಓಡುವುದಿಲ್ಲ. ಅದೇ ದಪ್ಪ ಪುಸ್ತಕದ ಅಂಚಿನಲ್ಲಿ ಇವಳದ್ದನ್ನೂ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದೆ. 'ಹು. ಅರ್ಧ ರೊಟ್ಟಿ.' 'ಹು. ಮಾತಿಲ್ಲ.' 'ಹು. ಮೂಗು ಕಟ್ಟಿದೆ, ಅತ್ತಳು.' ಒಂದು ದಿನ ಸೆಕ್ಷನ್ ಆಫೀಸರು ತಪಾಸಣೆಗೆ ಬಂದವರು ಪುಸ್ತಕ ತಿರುವಿ, "ಯಂಕೋಬ, ಈ ಹು. ಅನ್ನೋದು ಯಾವ ತೂಬು?" ಎಂದು ಕೇಳಿದರು. ಹದಿನೇಳನೆಯ ತೂಬಿನ ಹತ್ತಿರ ಇದೆ ಸರ್ ಎಂದೆ. ಅದರ ಹತ್ತಿರವೇ ಅಲ್ಲವೇ ನಮ್ಮ ಮನೆ. ಅವರು ತಲೆಯಾಡಿಸಿ ಸಹಿ ಮಾಡಿ ಹೋದರು.

ಈಗ ಹೇಳುವುದನ್ನು ಗಟ್ಟಿ ಮನಸ್ಸು ಮಾಡಿ ಕೇಳು ಅಕ್ಕಾ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಏರಿಯ ಮೇಲೆ ನಡೆದು ಬರುತ್ತಿದ್ದೇನೆ, ಇವಳು ಕಾಲುವೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಬಟ್ಟೆಯ ಬುಟ್ಟಿ ಇಲ್ಲ, ಕೊಡ ಇಲ್ಲ. ಏನು ಮಾಡ್ತೀ ಇಲ್ಲಿ ಎಂದರೆ, "ನೀರ ನೋಡಾಕತ್ತೀನ್ರಿ. ನಾ ಇದ್ದರ ಏನು, ಇಲ್ಲದಿದ್ದರ ಏನು" ಎಂದಳು. ನಾನು ಇಪ್ಪತ್ತು ವರ್ಷ ಆ ನೀರಿನ ಕೆಲಸ ಮಾಡಿದವನು. ಆ ನೀರು ಏನೇನು ತಂದು ತೂಬಿಗೆ ನಿಲ್ಲಿಸುತ್ತದೆ ಎಂದು ನನಗೆ ಗೊತ್ತು. ಮಗುವಿನ ಕೈ ಹಿಡಿದ ಹಾಗೆ ಕೈ ಹಿಡಿದು ಮನೆಗೆ ಕರೆತಂದೆ. ಸೀದಾ ಕಾಸೀಮಬೀಯ ಬಾಗಿಲಿಗೆ ಹೋಗಿ, ನನ್ನ ಮೇಲೆ ನಿನಗೆ ಸಿಟ್ಟಿದ್ದರೆ ಇರಲಿ, ನಾನು ಡ್ಯೂಟಿಗೆ ಹೋದಾಗ ಇವಳನ್ನು ಒಬ್ಬಳನ್ನೇ ಬಿಡಬೇಡ ತಾಯಿ ಎಂದೆ. ಅವಳು ನನ್ನ ಮುಖ ನೋಡಿದಳು. ಆ ದಿನದಿಂದ ಬೇಳೆ ಆರಿಸುವುದು, ಮೆಣಸಿನಕಾಯಿ ತೊಟ್ಟು ಮುರಿಯುವುದು, ಎಲ್ಲವನ್ನೂ ನಮ್ಮ ಪಡಸಾಲೆಗೇ ತಂದು ಕೂತು ಮಾಡಿದಳು. ಸುಮ್ಮನಿರುವವಳ ಜೊತೆ ದಿನವಿಡೀ ಒಬ್ಬಳೇ ಮಾತಾಡುವುದು ಎಷ್ಟು ಕಷ್ಟದ ಕೆಲಸ, ಯೋಚಿಸು. ಆ ಹೆಣ್ಣುಮಗಳ ಋಣ ನಮ್ಮ ಮೇಲಿದೆ.

ಅದಾಗಿ ವಾರಕ್ಕೆ ಜೋರು ಮಳೆಯಾಗಿ ಮೇಲಿನ ಉಪಕಾಲುವೆಯ ಏರಿ ಕುಸಿಯಿತು. ಮರಳ ಚೀಲ ಹಾಕಲು ನಮ್ಮನ್ನೆಲ್ಲ ಅಲ್ಲಿಗೇ ಕರೆದೊಯ್ದರು. ಎರಡು ವಾರ ನಾನು ಮನೆ ಕಡೆ ತಲೆ ಹಾಕಲಿಲ್ಲ. ಕಾಸೀಮಬೀ ಇದ್ದಾಳೆ ಎಂಬ ಧೈರ್ಯ. ಆದರೆ ಗುಳಿಗೆ ತೀರಿದ್ದು ಅವಳಿಗೂ ಗೊತ್ತಾಗಲಿಲ್ಲ, ಇವಳೂ ಹೇಳಲಿಲ್ಲ. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೇನೆ, ಇವಳು ಮೂಗು ಅರಳಿಸಿ, "ಏನ್ರಿ ಇದು ನಾತ. ಅಂಗಿ ಹೊರಗ ತಗೀರಿ" ಎಂದಳು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮೂಗು ಬಿಟ್ಟಿತ್ತು, ಕಣ್ಣಿನಲ್ಲಿ ಒಂದಿಷ್ಟು ಬೆಳಕು ಬಂದಿತ್ತು. ಹುಲಿಗಿ ತಾಯಿ ಕಣ್ಣು ತೆರೆದಳು ಎಂದುಕೊಂಡೆ. ಆದರೆ ಮರುದಿನವೇ ಹಿಂದಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಓಡಿಹೋಗಿ ಗುಳಿಗೆ ತಂದೆ. ಮೂರು ದಿನಕ್ಕೆ ತಲೆನೋವು ಇಳಿಯಿತು. ಹತ್ತು ದಿನಕ್ಕೆ ಮೂಗು ಮತ್ತೆ ಕಟ್ಟಿತು, ಮತ್ತೆ ಅದೇ ಮಾತು, "ಇರ್ಲಿ ಬಿಡ್ರಿ."

ಪುಸ್ತಕ ತೆಗೆದುಕೊಂಡು ಕೂತೆ. ಅಂಚಿನ ಅಕ್ಷರಗಳನ್ನೆಲ್ಲ ಹಿಂದಿನಿಂದ ಓದಿದೆ. ಗುಳಿಗೆ ಇದ್ದ ದಿನ ಮಾತಿಲ್ಲ. ಗುಳಿಗೆ ಇಲ್ಲದ ದಿನ ಮಾತಿದೆ, ಆದರೆ ತಲೆನೋವಿದೆ. ಜೀವ ಉಳಿಸುವ ಔಷಧಿಯ ಮೇಲೆ ಅನುಮಾನ ಪಡಲು ನಾನು ಯಾರು? ಓದಿದ್ದು ಏಳನೇ ಇಯತ್ತೆ. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ, ಇವಳನ್ನು ಕರೆದುಕೊಂಡು ಗಂಗಾವತಿಯ ಬಸ್ಸು ಹತ್ತಿದೆ.

ಡಾಕ್ಟರ ಕೋಣೆಯಲ್ಲಿ ಜನ ತುಂಬಿದ್ದರು. ಬಾಯಿಗೆ ಬೇರೆ ಮಾತು ಬರಲಿಲ್ಲ. "ಸಾಹೇಬ್ರ, ನಿಮ್ಮ ಗುಳಿಗಿ ಛಲೋ ಐತ್ರಿ. ತಲಿನೋವು ಇಲ್ರಿ. ಆದ್ರ ನನ್ನ ಹೆಂಡತಿ ಬೈಯೂದು ಬಿಟ್ಟಾಳ್ರಿ" ಎಂದುಬಿಟ್ಟೆ. ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬ ಮುದುಕ, ಆ ಗುಳಿಗೆ ಹೆಸರು ನನಗೂ ಬರೆದುಕೊಡಪ್ಪ ಎಂದ. ಡಾಕ್ಟರು ನಗಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಇವಳನ್ನು ಕೇಳಿದರು: ನಿದ್ದೆ ಹೇಗಿದೆ, ಮೂಗು ಯಾವಾಗಿನಿಂದ ಕಟ್ಟಿದೆ, ಕನಸು ಏನು ಬೀಳುತ್ತದೆ. ಆಮೇಲೆ ದನಿ ತಗ್ಗಿಸಿ, "ಸಾಯಬೇಕು ಅನಸ್ತೈತೇನವಾ?" ಎಂದರು. ಇವಳು ನೆಲ ನೋಡುತ್ತ ಹೂಂ ಎಂದಳು.

ಅವರು ಹೇಳಿದ್ದನ್ನು ನೆನಪಿದ್ದ ಹಾಗೆಯೇ ಬರೆಯುತ್ತೇನೆ. "ಇದು ಒಂದು ಬೇರಿನಿಂದ ತಗದ ಔಷಧಿ. ಒತ್ತಡ ಇಳಸ್ತೈತಿ, ಅದು ಖರೆ. ಆದ್ರ ಕೆಲವರಿಗೆ ಒತ್ತಡದ ಜೋಡಿ ಮನಸ್ಸನ್ನೂ ಇಳಸಿಬಿಡ್ತೈತಿ. ಮೂಗು ಕಟ್ಟತೈತಿ, ಕೆಟ್ಟ ಕನಸು ಬೀಳ್ತಾವ. ಎಲ್ಲಾರಿಗೂ ಆಗೂದಿಲ್ಲ. ಆದವರು ಹೇಳಬೇಕು, ನಾವು ಕೇಳಬೇಕು. ನಾ ಒತ್ತಡ ಅಷ್ಟ ನೋಡಿದೆ, ಮನಷ್ಯಾಳ್ನ ಕೇಳಲಿಲ್ಲ. ತಪ್ಪು ಆಕೀದೂ ಅಲ್ಲ, ನಿಂದೂ ಅಲ್ಲ." ಆಮೇಲೆ ಬೆರಳು ತೋರಿಸಿ ನನಗೂ ಹೇಳಿದರು. ಗುಳಿಗೆಯನ್ನು ತಾವಾಗಿಯೇ ಬಿಟ್ಟರೆ ಒತ್ತಡ ಏರಿ, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗುವುದೂ ಉಂಟು, ಆ ಎರಡು ವಾರ ನಿಮ್ಮ ಪುಣ್ಯ ಚೆನ್ನಾಗಿತ್ತು. ಒಗ್ಗದಿದ್ದರೆ ಬಿಡುವುದಲ್ಲ, ಬಂದು ಹೇಳಿ ಬದಲಿಸಿಕೊಳ್ಳುವುದು. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬಾರದು. ನಾನು ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸಿದೆ.

ಹೊಸ ಗುಳಿಗೆ ಕೊಟ್ಟರು. ಈ ಸಲ ಡಾಕ್ಟರೇ ಮುಂಚಿತವಾಗಿ ಹೇಳಿದರು, ನಾನು ಪುಸ್ತಕದಲ್ಲೇ ಬರೆದುಕೊಂಡೆ. ಇದು ಮೈಯ ನೀರು ಇಳಿಸುವ ಗುಳಿಗೆ, ಬೆಳಿಗ್ಗೆಯೇ ನುಂಗಬೇಕು, ಮೂತ್ರ ಹೆಚ್ಚಿಗೆ ಹೋಗುತ್ತದೆ. ಕಾಲಿನ ಮೀನಖಂಡ ಹಿಡಿದುಕೊಳ್ಳಬಹುದು, ಬಾಳೆಹಣ್ಣು ತಿನ್ನಲಿ, ಆದರೂ ಬಿಡದಿದ್ದರೆ ಬಂದು ಹೇಳಬೇಕು. ಕೂತವಳು ಗಬಕ್ಕನೆ ಏಳಬಾರದು, ತಲೆ ತಿರುಗುತ್ತದೆ. ಎಲ್ಲ ಹೇಳಿದ ಹಾಗೆಯೇ ಆಯಿತು. ಸೋಮವಾರಕ್ಕೊಮ್ಮೆ ಬಂದು ಒತ್ತಡ ಅಳೆಸಿಕೊಳ್ಳಲು ಹೇಳಿದ್ದರು; ಮೊದಲನೆಯ ಸೋಮವಾರ ಗುಳಿಗೆ ನುಂಗಿಯೇ ಬಸ್ಸು ಹತ್ತಿ ಗಂಗಾವತಿಗೆ ಹೊರಟೆವು ನೋಡು, ಕಂಡಕ್ಟರನಿಗೆ ಎರಡು ಕಡೆ ಸೀಟಿ ಊದಬೇಕಾಯಿತು. ಎರಡನೆಯ ಸಲ ಅವನು, "ಏನವಾ, ಊರೂರಿಗೆ ನಿಂದರಸ್ತಿಯಲ್ಲ" ಎಂದಾಗ ಇವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಾಲ್ಕು ತಿಂಗಳ ಮೇಲಿನ ನಗು. ಈಗ ಊರಿಗೆ ಹೋಗುವ ದಿನ ತಿರುಗಿ ಬಂದ ಮೇಲೆ ನುಂಗುತ್ತಾಳೆ, ಡಾಕ್ಟರನ್ನು ಕೇಳಿಯೇ.

ಒಮ್ಮೆಲೇ ಏನೂ ಆಗಲಿಲ್ಲ ಅಕ್ಕಾ. ದೀಪಾವಳಿಗೆ ಅಂಗಳ ಸಾರಿಸಿ ರಂಗೋಲಿ ಹಾಕಿದಳು. ಅದಾದ ವಾರದ ಸಂತೆಯಲ್ಲಿ ಈರುಳ್ಳಿಯವನ ಜೊತೆ ಚೌಕಾಸಿ ಮಾಡಿದಳು, ಅವನು ಸೋತು, ಅಕ್ಕಾ ನೀ ಇಷ್ಟು ದಿನ ಎಲ್ಲಿ ಹೋಗಿದ್ದಿ ಎಂದ. ನಿನ್ನೆ ಬೆಳಿಗ್ಗೆ ಕೋಳಿ ಬಂದವು. ಕಸಬರಿಗೆ ಹಿಡಿದು ಗೋಡೆಯವರೆಗೆ ಅಟ್ಟಿಸಿಕೊಂಡು ಹೋಗಿ, ಗೋಡೆಯ ಆಚೆ ನಿಂತ ಕಾಸೀಮಬೀಯನ್ನು ಅವಳ ಕೋಳಿ ಸಮೇತ ಜಾಡಿಸಿದಳು. ಕಾಸೀಮಬೀ ಗೋಡೆಯ ಮೇಲಿಂದ ಕೈ ಚಾಚಿ ಇವಳ ಕೆನ್ನೆ ಹಿಡಿದು, "ಬೈಯವಾ, ಇನ್ನೂ ಬೈ" ಎಂದು ಅತ್ತಳು. ಅಲ್ಲಿಂದ ತಿರುಗಿದವಳ ಕಣ್ಣಿಗೆ ಬಿದ್ದವನು ನಾನು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಮದುವೆಗೆ ಮುಂಚಿನ ಹಾಗೆ ಮಾಮಾ ಅನ್ನುತ್ತಾಳಲ್ಲ, ಹಾಗೆ ಶುರುವಾಯಿತು. "ಮಾಮಾ, ಈ ಹಿತ್ತಾಳಿ ಕೊಡಕ್ಕ ಯಾರು ನೆಗ್ಗು ಬೀಳಿಸಿದ್ರು? ಜ್ವಾಳದ ಡಬ್ಬಿಯೊಳಗ ಬೀಡಿ ಕಟ್ಟ ಯಾಕ ಐತಿ? ಬರೋಬ್ಬರಿ ಐದು ತಿಂಗಳು ನಾ ಕಣ್ಣು ಮುಚ್ಚಿದ್ದಕ್ಕ ಮನಿ ಧರ್ಮಶಾಲಿ ಮಾಡೀರೇನು?" ಐದು ತಿಂಗಳಲ್ಲಿ ನಾನು ಮಾಡಿದ ತಪ್ಪು ಒಂದೊಂದನ್ನೂ ಹುಡುಕಿ ತೆಗೆದಳು. ಡಾಕ್ಟರು ಹೇಳಿದ್ದಾರೆ, ಗಬಕ್ಕನೆ ಏಳಬೇಡ, ಕೂತು ಬೈ ಎಂದೆ. ಅದಕ್ಕೂ ಬೈದಳು. ಸೋಮವಾರ ಅಳತೆ ಮಾಡಿಸಿದಾಗ ಒತ್ತಡವೂ ಸರಿಯಾಗಿಯೇ ಇತ್ತು.

ಇಷ್ಟೇ ಅಕ್ಕಾ. ಇನ್ನು ಮೇಲೆ ನಿನಗೆ ಸುಳ್ಳು ಬರೆಯುವುದಿಲ್ಲ. ಮನೆಯವರಿಗೆಲ್ಲ ನಮ್ಮ ನೆನಪು ಹೇಳು. ಕನಕಮ್ಮನ ಗಂಟಲು ಒಣಗಿರಬೇಕು, ಅವಳಿಗೆ ಒಂದು ಲೋಟ ಮಜ್ಜಿಗೆ ಕೊಡು. ನಿನ್ನ ಹರಕೆ ನಮ್ಮ ತಲೆಯ ಮೇಲೆ ಇರಲಿ.

ನಿನ್ನ ತಮ್ಮನೂ ಅಳಿಯನೂ ಆದ
ಯಂಕೋಬ

ತಾ.ಕ.: ಅಕ್ಕಾ, ಪತ್ರ ಮಡಚುತ್ತಿದ್ದೆ. ಅಕ್ಕಿ ಒಯ್ಯಲು ಬಂದ ನಿಮ್ಮೂರ ಪಂಪಣ್ಣ ಲಾರಿ ನಿಲ್ಲಿಸಿ ಬಂದ, ಪತ್ರ ಅವನ ಕೈಯಲ್ಲೇ ಕೊಡೋಣವೆಂದರೆ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು, "ನಿಮ್ಮಕ್ಕಗ ಒಯ್ಯೋ ಗುಳಿಗಿ ಇದ ಹೌದಲ್ಲೋ?" ಎಂದ. ಅದೇ ಸಣ್ಣ ಬಿಳಿ ಗುಳಿಗೆ. ಕಾರಹುಣ್ಣಿಮೆಗೆ ಬಂದಾಗ ನೀನು ತಲೆ ತಿರುಗುತ್ತದೆ ಅಂದದ್ದಕ್ಕೆ, ಮಗಳಿಗೆ ಹಿಡಿದದ್ದು ತಾಯಿಗೂ ಹಿಡಿಯುತ್ತದೆ ಎಂದು ಒಂದು ಪಟ್ಟಿ ನಾನೇ ಕೊಟ್ಟಿದ್ದೆ. ನೀನು ಅದನ್ನು ತೋರಿಸಿ ತಿಂಗಳು ತಿಂಗಳು ಇವನಿಂದ ತರಿಸುತ್ತಿದ್ದೀ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ ಮುಂದೆ ತಲೆಯಾಡಿಸುವಾಗಲೂ ನಿನ್ನ ನೆನಪಾಗಲಿಲ್ಲ. ನೀನು ಕಟ್ಟೆಗೆ ಬರುವುದನ್ನು ಬಿಟ್ಟಿದ್ದೀ, ಕೀಲಿಗೊಂಚಲು ಕನಕಮ್ಮನ ಕೈಗೆ ಕೊಟ್ಟು ಸುಮ್ಮನೆ ಮಲಗಿರುತ್ತೀ ಎಂದು ಇವನು ಈಗ ಹೇಳುತ್ತಿದ್ದಾನೆ. ಅದು ವಯಸ್ಸಲ್ಲ ಅಕ್ಕಾ. ತಪ್ಪು ನನ್ನದು. ನೀನಾಗಿ ಬಿಡುವುದೂ ಬೇಡ, ನುಂಗುತ್ತ ಕೂಡುವುದೂ ಬೇಡ, ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕು. ನಾಳೆ ಮೊದಲ ಬಸ್ಸಿಗೆ ಬಂದು ಕರೆತರುತ್ತೇನೆ ಎಂದೆ. ಹುಲಗೆಮ್ಮ ನಾಳೆಯವರೆಗೆ ಕಾಯುವವಳಲ್ಲ. ಆಗಲೇ ಸೀರೆ ಬದಲಿಸಿ, ನಾಲ್ಕು ಬಾಳೆಹಣ್ಣು ಕಟ್ಟಿಕೊಂಡು ಲಾರಿ ಹತ್ತಿ ಕೂತಿದ್ದಾಳೆ, ಪಂಪಣ್ಣ ಹಾರ್ನ್ ಒತ್ತುತ್ತಿದ್ದಾನೆ. ಕನಕಮ್ಮಾ, ಓದುವುದನ್ನು ಇಲ್ಲಿಗೆ ನಿಲ್ಲಿಸು. ಪತ್ರ ತಂದು ನಿನ್ನ ಕೈಗೆ ಕೊಟ್ಟವಳು ಅತ್ತೆಯ ಮಂಚದ ಹತ್ತಿರವೇ ಕೂತಿರುತ್ತಾಳೆ. ಉಳಿದದ್ದನ್ನು ಅವಳೇ ಹೇಳಲಿ.